ನೆಮೊನ ಕಥೆ ಕನ್ನಡದಲ್ಲಿ ಪೂರ್ತಿಯಾಗಿ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಹಳೆಯ ವೈಜ್ಞಾನಿಕ ಸಾಹಸ ಕಾದಂಬರಿಗಳನ್ನು ಕುರಿತ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಜೂಲ್ಸ್ ವರ್ನ್, ಎಚ್. ಜಿ. ವೆಲ್ಸ್, ಆರ್ಥರ್ ಕಾನನ್ ಡಾಯ್ಲ್ ಮೊದಲಾದವರು ಕಲ್ಪಿಸಿದ್ದರಲ್ಲಿ ಯಾವುದು ನಿಜವಾಯಿತು, ಯಾವುದು ಸುಳ್ಳಾಯಿತು ಎಂದು ಲೇಖಕರು ಶ್ರಮವಹಿಸಿ ಪಟ್ಟಿ ಮಾಡಿದ್ದಾರೆ. ಜಲಾಂತರ್ಗಾಮಿ ಬಂದಾಯಿತು, ಚಂದ್ರನ ಮೇಲೆ ಕಾಲಿಟ್ಟಾಯಿತು, ಮಂಗಳನಲ್ಲಿ ದಂಡೆತ್ತಿ ಬರುವವರು ಯಾರೂ ಇಲ್ಲವೆಂದು ಗೊತ್ತಾಯಿತು, ಆದ್ದರಿಂದ ಈ ಪುಸ್ತಕಗಳ ಕೆಲಸ ಮುಗಿಯಿತು, ಇನ್ನು ಅವು ಮಕ್ಕಳ ಬೇಸಿಗೆ ರಜೆಗೆ ಸಾಕು ಎಂಬುದು ಅವರ ತೀರ್ಮಾನ. ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಅದರಲ್ಲೂ ಶಿವಮೊಗ್ಗ ಜಿಲ್ಲೆಯಲ್ಲಿ, ನಗರ ಎಂಬ ಊರಿನ ಕೋಟೆಗೆ ಸಮೀಪದಲ್ಲಿ ವಾಸಿಸುವ ನನ್ನಂಥವನಿಗೆ ಒಪ್ಪದಿರಲು ಬೇರೆ ಕಾರಣವೂ ಇದೆ; ಅದನ್ನು ಮುಂದೆ ವಿವರಿಸುತ್ತೇನೆ.

ಭವಿಷ್ಯ ನುಡಿಯುವ ಪರೀಕ್ಷೆ ಇಟ್ಟರೆ ಈ ಕಾದಂಬರಿಗಳು ಬರೆದ ದಿನವೇ ಅನುತ್ತೀರ್ಣವಾಗಿದ್ದವು. 1865ರ ತಮ್ಮ ಕಾದಂಬರಿಯಲ್ಲಿ ವರ್ನ್ ಮೂವರು ಪ್ರಯಾಣಿಕರನ್ನು 900 ಅಡಿ ಉದ್ದದ ತೋಪಿನೊಳಗಿಂದ ಚಂದ್ರನತ್ತ ಹಾರಿಸಿದರು. ಅಷ್ಟು ಗಿಡ್ಡ ನಳಿಗೆಯಲ್ಲಿ ಅಂಥ ವೇಗ ಪಡೆಯುವ ಗುಂಡಿನೊಳಗೆ ಕುಳಿತವರು ತೋಪಿನ ಬಾಯಿ ದಾಟುವ ಮೊದಲೇ ಸತ್ತಿರುತ್ತಾರೆಂಬುದನ್ನು ಪಿಯುಸಿಯ ಭೌತಶಾಸ್ತ್ರ ಓದಿದ ಹುಡುಗಿಯೂ ಲೆಕ್ಕ ಹಾಕಿ ತೋರಿಸಬಲ್ಲಳು. ವೆಲ್ಸ್ 1901ರಲ್ಲಿ ಗುರುತ್ವಾಕರ್ಷಣೆಯನ್ನೇ ತಡೆಹಿಡಿಯುವ ವಸ್ತುವೊಂದನ್ನು ಕಲ್ಪಿಸಿ ಅದರ ಬಲದಿಂದ ತಮ್ಮ ಪಾತ್ರಗಳನ್ನು ಚಂದ್ರನಿಗೆ ಕಳಿಸಿದಾಗ ಮುದುಕರಾಗಿದ್ದ ವರ್ನ್‌ಗೆ ಅದು ಹಿಡಿಸಲಿಲ್ಲ. ನಾನು ಭೌತಶಾಸ್ತ್ರವನ್ನು ಬಳಸುತ್ತೇನೆ, ಆತ ಇಲ್ಲದ್ದನ್ನು ಸೃಷ್ಟಿಸುತ್ತಾನೆ, ಆ ಲೋಹವನ್ನು ತಂದು ತೋರಿಸಲಿ ಎಂಬ ಅರ್ಥದಲ್ಲಿ ಅವರು ಸಂದರ್ಶನವೊಂದರಲ್ಲಿ ಆಕ್ಷೇಪಿಸಿದ್ದರು. ತೋಪಿನ ವಿಷಯದಲ್ಲಿ ಇದೇ ಮಾತನ್ನು ಅವರಿಗೂ ಹೇಳಬಹುದಿತ್ತು ಎನ್ನುವುದು ಬೇರೆ. ಇಬ್ಬರ ಎಣಿಕೆಯೂ ತಪ್ಪಿತ್ತು, ಇಬ್ಬರ ಕಥೆಯೂ ಉಳಿಯಿತು. 1969ರ ಜುಲೈನಲ್ಲಿ ಚಂದ್ರನಿಂದ ಹಿಂದಿರುಗುವ ದಾರಿಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಭೂಮಿಯ ಜನರನ್ನು ಉದ್ದೇಶಿಸಿ ಮಾತನಾಡುವಾಗ ನೆನೆದದ್ದು ಆ ತಪ್ಪು ಲೆಕ್ಕದ ವರ್ನ್‌ರನ್ನೇ. ವರ್ನ್‌ರ ನೌಕೆ ಕೊಲಂಬಿಯ ಫ್ಲಾರಿಡಾದಿಂದ ಹೊರಟು ಪೆಸಿಫಿಕ್ ಸಾಗರದಲ್ಲಿ ಇಳಿಯಿತು ಎಂದು ಅವರು ಹೇಳಿದರು. ಕಾದಂಬರಿಯಲ್ಲಿ ಅಂಥದೊಂದು ಹೆಸರಿರುವುದು ತೋಪಿಗೆ, ನೌಕೆಗಲ್ಲ. ಚಂದ್ರನಿಂದ ಬರುತ್ತಿದ್ದವರಿಗೆ ಇಷ್ಟು ರಿಯಾಯಿತಿ ಕೊಡಬಹುದು.

ಹಾಗಾದರೆ ಉಳಿದದ್ದು ಏನು? ನನ್ನ ತಿಳಿವಳಿಕೆಯ ಮಟ್ಟಿಗೆ, ಉಳಿದದ್ದು ಒಂದು ಬಗೆಯ ಕಥನಕ್ರಮ. ಒಬ್ಬ ಹಟಮಾರಿ ವಿದ್ವಾಂಸ, ಅವನನ್ನು ಪೂರ್ತಿ ನಂಬದ ಒಬ್ಬ ನಿರೂಪಕ, ಕೈಯಿಂದಲೇ ಎಲ್ಲವನ್ನೂ ಮಾಡಬಲ್ಲ ಒಬ್ಬ ಸಾಮಾನ್ಯ ಮನುಷ್ಯ, ಇವರೆಲ್ಲ ಸೇರಿ ಯಾರೂ ಕಾಣದ ಜಾಗಕ್ಕೆ ಹೊರಡುವುದು, ಮತ್ತು ದಾರಿಯುದ್ದಕ್ಕೂ ಪ್ರತಿಯೊಂದಕ್ಕೂ ಲೆಕ್ಕ ಒಪ್ಪಿಸುವುದು. ನಮ್ಮ ಪುರಾಣಗಳಲ್ಲೇ ಪುಷ್ಪಕ ವಿಮಾನ ಇರಲಿಲ್ಲವೇ ಎಂದು ಇಂಥ ಚರ್ಚೆ ಬಂದಾಗಲೆಲ್ಲ ಯಾರಾದರೂ ಕೇಳುವುದುಂಟು. ಇತ್ತು, ಸೊಗಸಾಗಿಯೂ ಇತ್ತು. ಆದರೆ ಅದು ವರಬಲದಿಂದ ದೊರೆತದ್ದು. ಎಷ್ಟು ಜನ ಹತ್ತಿದರೂ ಅದರಲ್ಲಿ ಜಾಗ ಉಳಿಯುತ್ತಿತ್ತು. ವರ್ನ್‌ರ ಕಾದಂಬರಿಯಲ್ಲಿ ಕ್ಯಾಪ್ಟನ್ ನೆಮೊ ನಡೆಸುವ ನಾಟಿಲಸ್ ಜಲಾಂತರ್ಗಾಮಿ 70 ಮೀಟರ್ ಉದ್ದ, 8 ಮೀಟರ್ ಅಗಲವಿತ್ತು. ಅದರ ವಿದ್ಯುತ್ತಿಗೆ ಬೇಕಾದ ಸೋಡಿಯಂ ಸಮುದ್ರದ ನೀರಿನಿಂದಲೇ ಬರುತ್ತಿತ್ತು. ಉಸಿರಾಡುವ ಗಾಳಿ ಮುಗಿದಾಗ ಮೇಲಕ್ಕೆ ಬರಲೇಬೇಕಿತ್ತು, ದಕ್ಷಿಣ ಧ್ರುವದ ಮಂಜಿನಡಿಯಲ್ಲಿ ಸಿಕ್ಕಿಕೊಂಡಾಗ ಒಳಗಿನವರು ಉಸಿರುಗಟ್ಟಿ ಸಾಯುವ ಸ್ಥಿತಿ ಬಂದಿತ್ತು. ಯಂತ್ರಕ್ಕೂ ಮಿತಿಯಿದೆ, ಆ ಮಿತಿಯಲ್ಲೇ ಕಥೆಯ ಗಂಡಾಂತರವಿದೆ ಎಂಬ ಈ ತಿಳಿವಳಿಕೆ ವರ್ನ್‌ರ ಕಾಲಕ್ಕೆ ಹೊಸದು. ಇಂದು ಬಾಹ್ಯಾಕಾಶದ ಸಿನಿಮಾ ನೋಡುತ್ತ ಆಮ್ಲಜನಕದ ಮುಳ್ಳು ಕೆಂಪು ಗೆರೆಗೆ ಇಳಿಯುವುದನ್ನು ಕಂಡು ಕುರ್ಚಿಯ ತುದಿಗೆ ಸರಿಯುವ ಹುಡುಗ ಆ ಮಂಜಿನಡಿಯ ಅಧ್ಯಾಯದ ಋಣದಲ್ಲಿದ್ದಾನೆ, ಅವನಿಗೆ ವರ್ನ್ ಯಾರೆಂದು ತಿಳಿಯದಿದ್ದರೂ.

ಈ ಕಥೆಗಳನ್ನು ಓದಿ ಕೆಲಸಕ್ಕೆ ಇಳಿದವರ ಬಗ್ಗೆ ಲೇಖನದಲ್ಲಿ ಒಂದೆರಡು ಸಾಲುಗಳಷ್ಟೇ ಇದ್ದುದರಿಂದ ಸ್ವಲ್ಪ ಸೇರಿಸುತ್ತೇನೆ. ದ್ರವ ಇಂಧನದ ಮೊದಲ ರಾಕೆಟ್ಟನ್ನು 1926ರಲ್ಲಿ ಹಾರಿಸಿದ ಅಮೆರಿಕದ ರಾಬರ್ಟ್ ಗೊಡಾರ್ಡ್ ತಮ್ಮ ಹದಿನಾರನೆಯ ವಯಸ್ಸಿನಲ್ಲಿ ವೆಲ್ಸ್‌ರ ಮಂಗಳವಾಸಿಗಳ ಕಾದಂಬರಿಯನ್ನು ದಿನಪತ್ರಿಕೆಯ ಧಾರಾವಾಹಿಯಾಗಿ ಓದಿದ್ದರು, ಮುಂದೆ ವೆಲ್ಸ್‌ರಿಗೆ ಕೃತಜ್ಞತೆಯ ಪತ್ರವನ್ನೂ ಬರೆದರು. ಪರಮಾಣು ಬಾಂಬು ಎಂಬ ಹೆಸರು ಮೊದಲು ಕಾಣಿಸಿದ್ದು 1914ರ ವೆಲ್ಸ್‌ರ ಇನ್ನೊಂದು ಕಾದಂಬರಿಯಲ್ಲಿ. ಅದನ್ನು 1932ರಲ್ಲಿ ಓದಿದ ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಮರುವರ್ಷ ಲಂಡನ್ನಿನಲ್ಲಿ ಸರಪಳಿ ಕ್ರಿಯೆಯ ಕಲ್ಪನೆಗೆ ಬಂದರು. ಅಮೆರಿಕದ ಮೊದಲ ಪರಮಾಣು ಜಲಾಂತರ್ಗಾಮಿ 1954ರಲ್ಲಿ ನಾಟಿಲಸ್ ಎಂಬ ಹೆಸರಿನಲ್ಲೇ ನೀರಿಗಿಳಿದು 1958ರಲ್ಲಿ ಉತ್ತರ ಧ್ರುವದ ಮಂಜಿನಡಿ ಹಾದುಹೋಯಿತು. ಇವೆಲ್ಲ ಪ್ರಸಿದ್ಧ ಸಂಗತಿಗಳು, ಇನ್ನೂ ಹೆಚ್ಚು ಹೇಳಬೇಕಿಲ್ಲ. ಇವರಾರೂ ಕಾದಂಬರಿಯ ಯಂತ್ರವನ್ನು ನಕಲು ಮಾಡಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಗೊಡಾರ್ಡ್ ಓದಿದ ಕಾದಂಬರಿಯಲ್ಲಿ ದ್ರವ ಇಂಧನದ ರಾಕೆಟ್ಟೇ ಇಲ್ಲ.

ವೆಲ್ಸ್‌ರ ಆ ಮಂಗಳವಾಸಿಗಳ ಬಗ್ಗೆ ಲೇಖಕರು ಬರೆದಿರುವುದು ನನಗೆ ತೀರ ಅನ್ಯಾಯವೆನಿಸಿತು. ಮಂಗಳನಲ್ಲಿ ಜೀವಿಗಳಿಲ್ಲವಾದ್ದರಿಂದ ಕಾದಂಬರಿ ಹಳಸಿತು ಎನ್ನುವುದಾದರೆ, ಅದು ಮಂಗಳನ ಕುರಿತ ಕಾದಂಬರಿ ಎಂದು ಒಪ್ಪಿಕೊಂಡ ಹಾಗಾಯಿತು. ಮೊದಲ ಅಧ್ಯಾಯದಲ್ಲೇ ವೆಲ್ಸ್ ಟಾಸ್ಮೇನಿಯದ ಮೂಲನಿವಾಸಿಗಳನ್ನು ಯೂರೋಪಿನವರು ಐವತ್ತು ವರ್ಷಗಳಲ್ಲಿ ನಿರ್ನಾಮ ಮಾಡಿದ್ದನ್ನು ಪ್ರಸ್ತಾಪಿಸಿ, ಮಂಗಳವಾಸಿಗಳು ಅದೇ ಬುದ್ಧಿಯಿಂದ ನಮ್ಮ ಮೇಲೆ ಬಂದರೆ ದೂರುವ ಹಕ್ಕು ನಮಗಿದೆಯೇ ಎಂದು ಕೇಳುತ್ತಾರೆ. 1898ರಲ್ಲಿ, ಸಾಮ್ರಾಜ್ಯ ತನ್ನ ಶಿಖರದಲ್ಲಿದ್ದಾಗ, ಲಂಡನ್ನಿನ ಓದುಗರ ಮುಂದೆ ಈ ಪ್ರಶ್ನೆ ಇಟ್ಟದ್ದು ಸಣ್ಣ ಮಾತಲ್ಲ. ಕೊನೆಗೆ ಮಂಗಳವಾಸಿಗಳನ್ನು ಕೊಂದದ್ದು ಸೈನ್ಯವಲ್ಲ, ಕಣ್ಣಿಗೆ ಕಾಣದ ರೋಗಾಣುಗಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಗಿ ಆ ಕಾಡಿನ ಹೆಸರಿನಿಂದಲೇ ಜಗತ್ತಿಗೆ ಪರಿಚಿತವಾದ ಮಂಗನ ಕಾಯಿಲೆಯ ಜೊತೆ ಇಂದಿಗೂ ಬದುಕುತ್ತಿರುವ, ಕಾಡಿನ ಅಂಚಿನಲ್ಲಿ ಮಂಗ ಸತ್ತು ಬಿದ್ದಿತೆಂದರೆ ದರಗು ಗುಡಿಸಲು ಹೋಗುವುದನ್ನೇ ನಿಲ್ಲಿಸುವ ನಮ್ಮ ಮಲೆನಾಡಿನ ಓದುಗರಿಗೆ ಆ ಅಂತ್ಯ ಹಳತೆಂದು ತೋರುವುದು ಸಾಧ್ಯವಿಲ್ಲ. ಇದೇ ಕಾದಂಬರಿಯನ್ನು ಅಮೆರಿಕದ ನಟ, ನಿರ್ದೇಶಕ ಆರ್ಸನ್ ವೆಲ್ಸ್ 1938ರ ಅಕ್ಟೋಬರ್ 30ರಂದು ರೇಡಿಯೊ ನಾಟಕವಾಗಿ ಪ್ರಸಾರ ಮಾಡಿದಾಗ ಅಮೆರಿಕವೇ ದಿಕ್ಕೆಟ್ಟು ಓಡಿತೆಂದು ಲೇಖನದಲ್ಲಿದೆ. ಕೆಲವರು ಹೆದರಿದ್ದು ನಿಜ. ಉಳಿದದ್ದನ್ನು ಉಬ್ಬಿಸಿ ಬರೆದದ್ದು ಮರುದಿನದ ಪತ್ರಿಕೆಗಳು ಎಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಸಂಪಾದಕರು ಈ ಸಾಲನ್ನು ಕತ್ತರಿಸುವುದಿಲ್ಲವೆಂದು ನಂಬಿದ್ದೇನೆ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಲೇಖನದಲ್ಲಿ ಕ್ಯಾಪ್ಟನ್ ನೆಮೊನನ್ನು ನಿಗೂಢ ಯೂರೋಪಿಯನ್ ನಾವಿಕ ಎಂದು ವರ್ಣಿಸಲಾಗಿದೆ. ಇದು ತಪ್ಪು. 1869–70ರಲ್ಲಿ ಬಂದ, ನೆಮೊ ಕಾಣಿಸಿಕೊಳ್ಳುವ ಮೊದಲ ಕಾದಂಬರಿಯಲ್ಲಿ ಅವನ ದೇಶ ಯಾವುದೆಂದು ವರ್ನ್ ಹೇಳುವುದಿಲ್ಲ, ಆದರೂ ಸುಳಿವು ಕೊಡುತ್ತಾರೆ: ಸಿಂಹಳದ ಬಳಿ ಮುತ್ತು ಹೆಕ್ಕಲು ಮುಳುಗಿದ ಬಡವನೊಬ್ಬನನ್ನು ನೆಮೊ ಶಾರ್ಕ್ ಮೀನಿನ ಬಾಯಿಂದ ಬಿಡಿಸಿ, ಅವನ ಕೈಗೆ ಮುತ್ತುಗಳ ಚೀಲವನ್ನಿಟ್ಟು, ತುಳಿತಕ್ಕೊಳಗಾದವರ ನಾಡಿನವನು ಅವನು, ತಾನೂ ಕೊನೆಯುಸಿರಿನವರೆಗೆ ಆ ನಾಡಿನವನೇ ಎನ್ನುತ್ತಾನೆ. 1875ರಲ್ಲಿ ಮುಗಿದ ನಿಗೂಢ ದ್ವೀಪದ ಕಾದಂಬರಿಯ ಕೊನೆಯಲ್ಲಿ ಗುಟ್ಟು ಬಯಲಾಗುತ್ತದೆ. ನೆಮೊ ಎಂದರೆ ರಾಜಕುಮಾರ ಡಕ್ಕರ್, ಬುಂದೇಲಖಂಡದ ರಾಜನೊಬ್ಬನ ಮಗ, ಮತ್ತು ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ. ಯೂರೋಪಿನಲ್ಲಿ ವಿದ್ಯೆ ಕಲಿತು ಬಂದು, 1857ರ ಹೋರಾಟಕ್ಕೆ ಧುಮುಕಿ, ತಂದೆತಾಯಿ, ಹೆಂಡತಿ, ಮಕ್ಕಳನ್ನೆಲ್ಲ ಕಳೆದುಕೊಂಡು, ಅಳಿದುಳಿದ ಸಂಪತ್ತಿನೊಡನೆ ಪೆಸಿಫಿಕ್ ಸಾಗರದ ನಿರ್ಜನ ದ್ವೀಪವೊಂದರಲ್ಲಿ ನಾಟಿಲಸ್ ಕಟ್ಟಿದವನು.

ಇತಿಹಾಸದ ಕಣ್ಣಿನಿಂದ ನೋಡಿದರೆ ಈ ವಂಶಾವಳಿ ನಿಲ್ಲುವುದಿಲ್ಲ. ಟಿಪ್ಪು ಮಡಿದದ್ದು 1799ರಲ್ಲಿ. ಕಾದಂಬರಿಯ ಲೆಕ್ಕದಂತೆ ಡಕ್ಕರ್ ಹುಟ್ಟುವುದು ಅದಾದ ಸುಮಾರು ಇಪ್ಪತ್ತು ವರ್ಷಗಳ ಮೇಲೆ. ಬುಂದೇಲಖಂಡದ ಅರಮನೆಗೂ ಶ್ರೀರಂಗಪಟ್ಟಣಕ್ಕೂ ಯಾವ ಬ್ರೋಕರು ನೆಂಟಸ್ತಿಕೆ ಕುದುರಿಸಿದನೆಂದೂ ವರ್ನ್ ಹೇಳುವುದಿಲ್ಲ. ಭಾರತವನ್ನು ಅವರು ಕಂಡದ್ದು ನಕಾಶೆಯಲ್ಲಿ ಮತ್ತು ಪ್ರವಾಸ ಕಥನಗಳಲ್ಲಿ ಮಾತ್ರ. ನೆಮೊನನ್ನು ಅವರು ಮೊದಲು ಯೋಚಿಸಿದ್ದೇ ಬೇರೆ ರೀತಿಯಲ್ಲಿ: 1863ರ ದಂಗೆಯಲ್ಲಿ ರಷ್ಯನ್ನರಿಂದ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನ ಶ್ರೀಮಂತನನ್ನಾಗಿ. ರಷ್ಯದಲ್ಲಿ ಪುಸ್ತಕಗಳು ಮಾರಾಟವಾಗಬೇಕಿದ್ದ ಕಾರಣ ಪ್ರಕಾಶಕ ಹೆಟ್ಜೆಲ್ ಅದಕ್ಕೆ ಒಪ್ಪಲಿಲ್ಲ. ಹಾಗೆ ಖಾಲಿ ಉಳಿದ ಜಾಗಕ್ಕೆ ಕೆಲವು ವರ್ಷಗಳ ತರುವಾಯ ಒಬ್ಬ ಭಾರತೀಯ ಬಂದು ಕುಳಿತ. ವ್ಯಾಪಾರದ ಲೆಕ್ಕದಿಂದ ಹುಟ್ಟಿದ ಪಾತ್ರವೆಂದು ಇದನ್ನು ತಳ್ಳಿಹಾಕಬಹುದು. ಆದರೆ ಸಾಮ್ರಾಜ್ಯಗಳ ಕಾಲದಲ್ಲಿ ಯೂರೋಪಿನ ಅತ್ಯಂತ ಜನಪ್ರಿಯ ಸಾಹಸ ಕಥೆಗಾರರೊಬ್ಬರು, ಜಗತ್ತಿನಲ್ಲೇ ಮುಂದುವರಿದ ಯಂತ್ರದ ಶಿಲ್ಪಿ ಯಾರಿರಬಹುದೆಂದು ಯೋಚಿಸಿ, ಬ್ರಿಟಿಷರಿಗೆ ಸೋತ ಒಬ್ಬ ಭಾರತೀಯನನ್ನು ಆರಿಸಿದರೆಂಬುದು ಬದಲಾಗುವುದಿಲ್ಲ.

ಇಷ್ಟು ದೊಡ್ಡ ಸಂಗತಿ ನಮ್ಮವರಿಗೆ ಹೇಗೆ ತಿಳಿಯದೆ ಹೋಯಿತು? ಒಂದು ಕಾರಣವಂತೂ ಸ್ಪಷ್ಟವಿದೆ. ನಾವು ವರ್ನ್‌ರನ್ನು ಪಡೆದದ್ದು ಇಂಗ್ಲಿಷಿನ ಮೂಲಕ. ನಿಗೂಢ ದ್ವೀಪದ ಹಳೆಯ ಇಂಗ್ಲಿಷ್ ಅನುವಾದದಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ನೆಮೊ ಆಡುವ ಮಾತುಗಳನ್ನು ಅಳಿಸಿ, ತಿದ್ದಿ, ದಂಗೆಯನ್ನೇ ತಪ್ಪೆಂಬಂತೆ ತೋರಿಸಲಾಗಿತ್ತು. ನೂರಕ್ಕೂ ಹೆಚ್ಚು ವರ್ಷ ಶಾಲಾ ಗ್ರಂಥಾಲಯಗಳಲ್ಲಿ ಓಡಾಡಿದ್ದು ಆ ಪಠ್ಯವೇ. ಎರಡನೆಯ ಕಾರಣ ಸಿನಿಮಾ. 1954ರ ಪ್ರಸಿದ್ಧ ಹಾಲಿವುಡ್ ಚಿತ್ರದಲ್ಲಿ ನೆಮೊ ಆದದ್ದು ಇಂಗ್ಲೆಂಡಿನ ಜೇಮ್ಸ್ ಮೇಸನ್. ಗಡ್ಡ ಬಿಟ್ಟು ಆರ್ಗನ್ ನುಡಿಸುವ ಆ ಬಿಳಿಯ ನೆಮೊನೇ ಜಗತ್ತಿನ ಕಣ್ಣಲ್ಲಿ ನಿಂತುಬಿಟ್ಟ. ಲೇಖನದ ಕರ್ತೃವಿನ ಕಣ್ಣಲ್ಲೂ ಅವನೇ ಇದ್ದಾನೆಂದು ತೋರುತ್ತದೆ. ಹಾಲಿವುಡ್ 2003ರ ಒಂದು ಚಿತ್ರದಲ್ಲಿ ನಾಸಿರುದ್ದೀನ್ ಶಾ ಅವರಿಗೆ ಆ ಪಾತ್ರವನ್ನು ಕೊಟ್ಟಿತು. ಚಿತ್ರ ಅಷ್ಟಕ್ಕಷ್ಟೆ, ಆದರೆ ಪಾತ್ರ ಮನೆಗೆ ಮರಳಿತು. 2024ರಲ್ಲಿ ಬಂದ ದೂರದರ್ಶನ ಸರಣಿಯೊಂದೂ ನೆಮೊನನ್ನು ಭಾರತದ ರಾಜಕುಮಾರನಾಗಿಯೇ ತೋರಿಸಿದೆ. ಈ ನಡುವೆ ಅವನ ಹೆಸರು ಅನಿಮೇಷನ್ ಚಿತ್ರವೊಂದರ ಪುಟ್ಟ ಕಿತ್ತಳೆ ಮೀನಿಗೆ ಸೇರಿತು. ಯಾವ ದಡಕ್ಕೂ ಹತ್ತಿರವಿಲ್ಲದ, ಅತ್ಯಂತ ಸಮೀಪದ ನೆಲದಿಂದ ಸುಮಾರು 2,688 ಕಿಲೋಮೀಟರ್ ದೂರವಿರುವ ದಕ್ಷಿಣ ಪೆಸಿಫಿಕ್ಕಿನ ಬಿಂದುವನ್ನು 1992ರಲ್ಲಿ ಲೆಕ್ಕ ಹಾಕಿ ಗುರುತಿಸಿದಾಗ ಅದಕ್ಕೂ ನೆಮೊನ ಹೆಸರೇ ಬಂತು. ಆಯುಸ್ಸು ಮುಗಿದ ಬಾಹ್ಯಾಕಾಶ ನೌಕೆಗಳನ್ನು ಬೀಳಿಸುವುದು ಆ ಬಿಂದುವಿನ ಆಸುಪಾಸಿನ ಸಾಗರದಲ್ಲಿ.

ನಗರದ ವಿಷಯ ಇಲ್ಲಿ ಬರುತ್ತದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿ ಅದನ್ನು ಹೈದರನಗರವೆಂದು ಕರೆದ. ಮುಂದೆ ಬರಿಯ ನಗರವೆಂಬ ಹೆಸರು ಉಳಿಯಿತು. ಈ ಊರಿನ ಪಾಳುಬಾವಿಯೊಂದರಿಂದ 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಕೆಸರಿನೊಳಗಿಂದ ಎತ್ತಿದರು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ಒಳಗೆ ಮದ್ದು. ಕಾಗದದ ಅಥವಾ ಬಿದಿರಿನ ಕೊಳವೆಗೆ ಬದಲಾಗಿ ಕಬ್ಬಿಣವನ್ನು ಬಳಸಿದ್ದರಿಂದಲೇ ಮೈಸೂರಿನ ರಾಕೆಟ್ಟು ಹೆಚ್ಚು ಒತ್ತಡ ತಡೆದು ಹೆಚ್ಚು ದೂರ ಹೋಗುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥವನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು, ಅವುಗಳ ಮಾದರಿಯ ಮೇಲೆ ವಿಲಿಯಂ ಕಾಂಗ್ರೀವ್ ತಮ್ಮ ರಾಕೆಟ್ಟುಗಳನ್ನು ರೂಪಿಸಿದರು, 1814ರಲ್ಲಿ ಬ್ರಿಟಿಷರು ಬಾಲ್ಟಿಮೋರಿನ ಕೋಟೆಯ ಮೇಲೆ ಅವನ್ನು ಹಾರಿಸಿದರು; ಅವುಗಳ ಕೆಂಪು ಬೆಳಕಿನ ನೆನಪು ಅಮೆರಿಕದ ರಾಷ್ಟ್ರಗೀತೆಯಲ್ಲಿದೆ. ವರ್ನ್‌ರ ಚಂದ್ರಯಾನದ ಎರಡನೆಯ ಭಾಗದಲ್ಲಿ, ತೋಪಿನಿಂದ ಹಾರಿದ ಪ್ರಯಾಣಿಕರು ದಾರಿ ಬದಲಿಸಲು ನೌಕೆಯ ಬುಡಕ್ಕೆ ರಾಕೆಟ್ಟುಗಳನ್ನು ಕಟ್ಟಿ ಉರಿಸುತ್ತಾರೆ. ನಗರದ ಬಾವಿಗೂ ಆ ಅಧ್ಯಾಯಕ್ಕೂ ನೇರ ಗೆರೆ ಎಳೆಯುವ ಅತ್ಯುತ್ಸಾಹ ನನಗಿಲ್ಲ. ಆದರೆ ಟಿಪ್ಪುವಿನ ಸೋದರಳಿಯನೆಂದು ಜಗತ್ತು ಓದಿದ ಕಲ್ಪಿತ ಯಂತ್ರಶಿಲ್ಪಿ ಒಂದು ಕಡೆ, ಟಿಪ್ಪುವಿನ ನಿಜವಾದ ರಾಕೆಟ್ಟುಗಳು ಇನ್ನೊಂದು ಕಡೆ, ಇವೆರಡನ್ನೂ ಒಟ್ಟಿಗೆ ಹೇಳಬಲ್ಲ ಜಾಗ ಜಗತ್ತಿನಲ್ಲಿದ್ದರೆ ಅದು ಶಿವಮೊಗ್ಗ ಜಿಲ್ಲೆ. ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಬರುವ ಶಾಲಾ ಮಕ್ಕಳಿಗೆ ಇದನ್ನು ತಿಳಿಸುವ ಒಂದು ಫಲಕ ಹಾಕಲು ಹೆಚ್ಚು ಖರ್ಚೇನೂ ಬೀಳದು.

ವರ್ನ್ ಹುಟ್ಟಿದ ಊರಾದ ಫ್ರಾನ್ಸಿನ ನಾಂತ್‌ನಲ್ಲಿ ಇಂಥದ್ದನ್ನು ಎಷ್ಟು ಮುಂದಕ್ಕೆ ಒಯ್ದಿದ್ದಾರೆಂಬುದು ಗಮನಾರ್ಹ. 1857ರ ನಂತರದ ಭಾರತವನ್ನು ಹಿನ್ನೆಲೆಯಾಗಿಟ್ಟುಕೊಂಡು 1880ರಲ್ಲಿ ಅವರು ಬರೆದ ಕಾದಂಬರಿಯಲ್ಲಿ ಉಗಿಯಿಂದ ನಡೆಯುವ ಲೋಹದ ಆನೆಯೊಂದು ಮನೆಗಳನ್ನು ಎಳೆದುಕೊಂಡು ಉತ್ತರ ಭಾರತವನ್ನೆಲ್ಲ ಸುತ್ತುತ್ತದೆ. ನಾಂತ್‌ನ ಹಳೆಯ ಹಡಗುಕಟ್ಟೆಯಲ್ಲಿ 2007ರಿಂದ 12 ಮೀಟರ್ ಎತ್ತರದ ಯಾಂತ್ರಿಕ ಆನೆಯೊಂದು ಸುಮಾರು ಐವತ್ತು ಜನರನ್ನು ಹೊತ್ತು, ಸೊಂಡಿಲಿನಿಂದ ನೀರು ಚಿಮ್ಮಿಸುತ್ತ ನಡೆಯುತ್ತದೆ; ಅದನ್ನು ನೋಡಲು ಹೊರದೇಶಗಳಿಂದ ಜನ ಬರುತ್ತಾರೆ. ಸಕ್ರೆಬೈಲಿನಲ್ಲಿ ನಿಜವಾದ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದನ್ನು ದಿನವೂ ಕಾಣಬಲ್ಲ ನಮಗೆ ಅಂಥದ್ದು ಬೇಕಿಲ್ಲ, ಅದನ್ನು ಕಟ್ಟಿ ಎಂದು ಜಿಲ್ಲಾಡಳಿತಕ್ಕೆ ಸಲಹೆ ಕೊಡುವ ಉದ್ದೇಶವೂ ನನ್ನದಲ್ಲ. ನೂರಿಪ್ಪತ್ತೈದು ವರ್ಷಕ್ಕೂ ಹಳೆಯದಾದ, ಹೆಚ್ಚು ಜನ ಓದದ ಕಾದಂಬರಿಯೊಂದರ ಕಲ್ಪನೆ ಒಂದು ಊರಿನ ಗುರುತೇ ಆಗಬಹುದೆಂಬುದಕ್ಕೆ ಇದನ್ನು ಹೇಳಿದೆ.

ಪ್ರಭಾವವೆಂದರೆ ಸಿನಿಮಾ, ಆಟಿಕೆ, ಪ್ರವಾಸಿ ತಾಣ ಇಷ್ಟೇ ಅಲ್ಲ. ಕನ್ನಡದ ಮಟ್ಟಿಗೆ ಅತ್ಯಂತ ಆಳವಾದ ಉದಾಹರಣೆ ಲೇಖನದಲ್ಲಿ ಕಾಣಿಸಲೇ ಇಲ್ಲ, ಅದೂ ಮಲೆನಾಡಿನದೇ. ಕಾನನ್ ಡಾಯ್ಲ್ 1912ರಲ್ಲಿ ಬರೆದ ಕಳೆದುಹೋದ ಜಗತ್ತಿನ ಕಥೆಯಲ್ಲಿ ಪ್ರೊಫೆಸರ್ ಚಾಲೆಂಜರ್ ಎಂಬ ಸಿಡುಕು ಸ್ವಭಾವದ ವಿಜ್ಞಾನಿ ದಕ್ಷಿಣ ಅಮೆರಿಕದ ಕಡಿದಾದ ಪ್ರಸ್ಥಭೂಮಿಯೊಂದರ ಮೇಲೆ ಡೈನೊಸಾರ್ ಕಾಲದ ಪ್ರಾಣಿಗಳು ಇನ್ನೂ ಬದುಕಿವೆ ಎಂದು ವಾದಿಸಿ, ನಂಬದವರನ್ನು ಕರೆದುಕೊಂಡು ಹೊರಡುತ್ತಾನೆ. ಕಥೆ ಹೇಳುವವನು ಒಬ್ಬ ಪತ್ರಿಕಾ ವರದಿಗಾರ. 1925ರಲ್ಲಿ ಅದು ಮೂಕಿ ಚಿತ್ರವಾಯಿತು. ಅದರ ಡೈನೊಸಾರ್‌ಗಳಿಗೆ ಒಂದೊಂದೇ ಚೌಕಟ್ಟಿನಲ್ಲಿ ಚಲನೆ ಕೊಟ್ಟ ವಿಲಿಸ್ ಓಬ್ರಯನ್ 1933ರಲ್ಲಿ ಕಿಂಗ್ ಕಾಂಗ್‌ಗೆ ಜೀವ ಕೊಟ್ಟರು. ಅರುವತ್ತು ವರ್ಷಗಳ ನಂತರ ಜುರಾಸಿಕ್ ಪಾರ್ಕ್ ಬಂದಾಗ ಅದರ ಮುಂದಿನ ಭಾಗಕ್ಕೆ ಡಾಯ್ಲ್‌ರ ಶೀರ್ಷಿಕೆಯನ್ನೇ ಇಡಲಾಯಿತು. ಪಶ್ಚಿಮದ ಜನಪ್ರಿಯ ಸಂಸ್ಕೃತಿಯಲ್ಲಿ ಈ ಕಥೆ ಹೀಗೆ ದೊಡ್ಡದಾಗುತ್ತ, ಸದ್ದು ಮಾಡುತ್ತ ಹೋಯಿತು.

ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ಕರ್ವಾಲೊ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕೆಂದು ನಾನು ತಮ್ಮ ಓದುಗರನ್ನು ಕೇಳಿಕೊಳ್ಳುತ್ತೇನೆ. ತೇಜಸ್ವಿಯವರು ಡಾಯ್ಲ್‌ರನ್ನು ಮುಂದಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಆ ಕಥನಕ್ರಮ ಎಷ್ಟು ದೂರ ಬಂದು ಬೇರು ಬಿಡಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಇಲ್ಲೂ ಒಬ್ಬ ವಿಜ್ಞಾನಿಯಿದ್ದಾರೆ, ಯುಗಯುಗಗಳಿಂದ ಬದಲಾಗದೆ ಉಳಿದ ಜೀವಿಯಿದೆ, ಅರ್ಧ ಅನುಮಾನದ ನಿರೂಪಕನಿದ್ದಾನೆ, ಕಾಡಿನೊಳಗೆ ಹೊರಡುವ ತಂಡವಿದೆ. ತಂಡದಲ್ಲಿರುವವರು ಮಾತ್ರ ಜೇನು ಹಿಡಿಯುವ ಮಂದಣ್ಣ, ಅಡುಗೆಯ ಪ್ಯಾರ, ಮರ ಹತ್ತುವ ಬಿರ್ಯಾನಿ ಕರಿಯಪ್ಪ, ಛಾಯಾಗ್ರಾಹಕ ಪ್ರಭಾಕರ, ಮತ್ತು ಕಿವಿ ಎಂಬ ನಾಯಿ. ಡಾಯ್ಲ್‌ರಲ್ಲಿ ಸ್ಥಳೀಯರು ಸಾಮಾನು ಹೊರುವವರು, ಇಲ್ಲವೆ ದ್ರೋಹ ಬಗೆಯುವವರು; ಕರ್ವಾಲೊ ಸಾಹೇಬರಿಗೆ ದಾರಿ ತೋರಿಸಬಲ್ಲವನು ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣ, ಅವನೊಳಗೆ ಒಬ್ಬ ನಿಸರ್ಗ ವಿಜ್ಞಾನಿಯನ್ನು ಅವರು ಕಾಣುತ್ತಾರೆ. ಡಾಯ್ಲ್‌ರ ತಂಡ ಆ ಪ್ರಸ್ಥಭೂಮಿಯ ವಾನರಮಾನವರನ್ನು ಬಂದೂಕಿನಿಂದ ಮುಗಿಸಿ, ಹಾರುವ ಸರೀಸೃಪವೊಂದನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದು ಲಂಡನ್ನಿನ ಸಭೆಯಲ್ಲಿ ಪುರಾವೆಯಾಗಿ ಬಿಚ್ಚಿ ತೋರಿಸುತ್ತದೆ. ಅದು ಕಿಟಕಿಯಿಂದ ತಪ್ಪಿಸಿಕೊಳ್ಳುತ್ತದೆ. ತೇಜಸ್ವಿಯವರ ಹಾರುವ ಓತಿ ಯಾರ ಪೆಟ್ಟಿಗೆಗೂ ಬರುವುದಿಲ್ಲ. ಘಟ್ಟದ ಅಂಚಿನಿಂದ ಕಣಿವೆಗೆ ತೇಲಿಕೊಂಡು ಹೋಗುತ್ತದೆ, ನೋಡಿದವರು ನೋಡಿದವರಾಗಿಯೇ ಉಳಿಯುತ್ತಾರೆ.

ಈ ವ್ಯತ್ಯಾಸವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಗೆದ್ದುಕೊಂಡು ಬರುವ ಸಾಹಸವನ್ನು ಕಂಡು ಬರುವ ಸಾಹಸವನ್ನಾಗಿ ಮಾಡಿದ್ದು ಹಳೆಯ ರೂಪವೊಂದಕ್ಕೆ ಮಲೆನಾಡು ಕೊಟ್ಟ ಉತ್ತರ. ಇನ್ನೊಂದು ಮಾತು: ಡಾಯ್ಲ್‌ರ ಓದುಗರಾರೂ ಜೀವಂತ ಡೈನೊಸಾರ್ ನೋಡಲಾರರು, ಆದರೆ ಹಾರುವ ಓತಿ ನಮ್ಮ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುತ್ತಲೇ ಇದೆ. ತೋಟದಲ್ಲಿ ಕೊಳೆಗೆ ಮದ್ದು ಹೊಡೆಯುವಾಗ ಅದನ್ನು ಕಂಡು, ಕೈಯಲ್ಲಿದ್ದ ಕೆಲಸ ಬಿಟ್ಟು, ಇದು ಎಷ್ಟು ಕಾಲದಿಂದ ಹೀಗೇ ಇದೆಯೋ ಎಂದು ಮಾತಿಗೆ ನಿಂತವರನ್ನು ನಾನು ಬಲ್ಲೆ, ಅವರಲ್ಲಿ ಕಾದಂಬರಿ ಓದದವರೂ ಇದ್ದರು. ವೈಜ್ಞಾನಿಕ ಸಾಹಸ ಕಥೆ ಜನಜೀವನದೊಳಗೆ ಇಳಿಯುವುದೆಂದರೆ ನನ್ನ ದೃಷ್ಟಿಯಲ್ಲಿ ಇದು.

ಸಿನಿಮಾದ ವಿಚಾರದಲ್ಲಿ ನಮ್ಮ ಕಥೆ ಅಷ್ಟು ಸಮೃದ್ಧವಲ್ಲ. ವೆಲ್ಸ್‌ರ ಕಾಲಯಂತ್ರ ತೆಲುಗಿನಲ್ಲಿ 1991ರಲ್ಲಿ ಆದಿತ್ಯ 369 ಆಗಿ ಬಂದು ನಾಯಕನನ್ನು ನೇರವಾಗಿ ವಿಜಯನಗರಕ್ಕೆ, ಕೃಷ್ಣದೇವರಾಯನ ಆಸ್ಥಾನಕ್ಕೆ ಇಳಿಸಿತು. ಅದನ್ನು ನಿರ್ದೇಶಿಸಿದ ಸಿಂಗೀತಂ ಶ್ರೀನಿವಾಸ ರಾವ್ ಅವರು ಕನ್ನಡದಲ್ಲಿ ಡಾ. ರಾಜ್‌ಕುಮಾರ್ ಅವರಿಗೆ ಸೊಗಸಾದ ಚಿತ್ರಗಳನ್ನು ಕೊಟ್ಟವರು. ಹಂಪಿ ನಮ್ಮಲ್ಲೇ ಇದ್ದರೂ ಕಾಲಯಂತ್ರ ಮಾತ್ರ ಕನ್ನಡಕ್ಕೆ ಬರಲಿಲ್ಲ. ಹೊರಗಿನ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ನಮ್ಮ ಚಿತ್ರೋದ್ಯಮ 1960ರ ದಶಕದಿಂದ ವಿರೋಧಿಸಿಕೊಂಡು ಬಂದದ್ದರಿಂದ, ಜುರಾಸಿಕ್ ಪಾರ್ಕ್ ಹಿಂದಿಯಲ್ಲಿ ಮಾತನಾಡಿ ಉತ್ತರದ ಹಳ್ಳಿಗಳನ್ನು ತಲುಪಿದಾಗ ತೀರ್ಥಹಳ್ಳಿಯ ಮಗು ಅದನ್ನು ತನ್ನ ಭಾಷೆಯಲ್ಲಿ ಕೇಳುವಂತಿರಲಿಲ್ಲ. ಆ ವಿರೋಧಕ್ಕೆ ಅದರದೇ ಕಾರಣಗಳಿದ್ದವು, ಸ್ವಂತ ಚಿತ್ರರಂಗ ಬೆಳೆಯಬೇಕಾಗಿದ್ದ ಕಾಲ ಅದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಪರಿಸ್ಥಿತಿಯೂ ಬದಲಾಗಿದೆ. ನಾನು ಹೇಳುವುದಿಷ್ಟೆ: ತೆರೆಯ ಮೇಲೆ ಈ ಕಥೆಗಳು ಕನ್ನಡದಲ್ಲಿ ಸಿಗದಿದ್ದ ಅಷ್ಟೂ ವರ್ಷ ಪುಸ್ತಕವೇ ನಮಗೆ ಇದ್ದ ದಾರಿ. ಆ ಪುಸ್ತಕಗಳಲ್ಲಿ ನನ್ನ ಕೈಗೆ ಬಂದವೆಲ್ಲ ಸಂಗ್ರಹಾನುವಾದಗಳೇ. ಸಂಗ್ರಹಗಳ ಉಪಕಾರವನ್ನು ಮರೆಯಲಾರೆ. ಆದರೆ ಸಂಗ್ರಹಿಸುವಾಗ ಮೊದಲು ಹೋಗುವುದು ಲೆಕ್ಕಾಚಾರದ ಪುಟಗಳು ಮತ್ತು ರಾಜಕೀಯದ ಪುಟಗಳು, ಅಂದರೆ ಸೋಡಿಯಂ ಎಲ್ಲಿಂದ ಬಂತೆಂಬುದೂ ಡಕ್ಕರ್ ಏಕೆ ಸಮುದ್ರ ಸೇರಿದನೆಂಬುದೂ.

ಆದ್ದರಿಂದ ತಮ್ಮಲ್ಲಿ ಒಂದು ಬೇಡಿಕೆ. ಈ ಕಾದಂಬರಿಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ನಿಯತಕಾಲಿಕಗಳಲ್ಲಿ, ಕಂತುಕಂತಾಗಿ. ಎಂಬತ್ತು ದಿನಗಳ ಭೂಪ್ರದಕ್ಷಿಣೆಯ ಕಥೆ 1872ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಪ್ಯಾರಿಸಿನ ದಿನಪತ್ರಿಕೆಯೊಂದರಲ್ಲಿ ಬಂತು; ಹದಿನೇಳು ವರ್ಷಗಳ ನಂತರ ನ್ಯೂಯಾರ್ಕಿನ ಪತ್ರಿಕೆಯೊಂದು ತನ್ನ ವರದಿಗಾರ್ತಿ ನೆಲ್ಲಿ ಬ್ಲೈಯನ್ನು ಅದೇ ಪಂದ್ಯಕ್ಕೆ ಕಳಿಸಿ, ಆಕೆ 72 ದಿನಗಳಲ್ಲಿ ಮರಳಿದಳು, ನಡುವೆ ಅಮಿಯನ್ಸ್‌ನಲ್ಲಿ ಇಳಿದು ವರ್ನ್‌ರನ್ನು ಮಾತನಾಡಿಸಿಕೊಂಡೂ ಬಂದಳು. ಕನ್ನಡದ ವಾರಪತ್ರಿಕೆಗಳೂ ಧಾರಾವಾಹಿಗಳಿಂದಲೇ ಓದುಗರನ್ನು ಬೆಳೆಸಿದವು. ಗುರುವಾರ ಬಸ್ಸಿನಲ್ಲಿ ಬರುವ ಕಟ್ಟಿಗಾಗಿ ಕಾದು ನಿಲ್ಲುತ್ತಿದ್ದ ಊರುಗಳು ಈ ಕಡೆ ಬೇಕಾದಷ್ಟಿದ್ದವು. ತಮ್ಮ ಭಾನುವಾರದ ಪುರವಣಿಯಲ್ಲಿ ನಿಗೂಢ ದ್ವೀಪದ ಕಾದಂಬರಿಯನ್ನು ಪೂರ್ತಿಯಾಗಿ, ಫ್ರೆಂಚ್ ಮೂಲದಿಂದ ಮಾಡಿಸಿದ ಹೊಸ ಅನುವಾದದಲ್ಲಿ, ಧಾರಾವಾಹಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ಹಕ್ಕುಸ್ವಾಮ್ಯದ ತೊಡಕಿಲ್ಲ: ನಮ್ಮ ಕಾನೂನಿನಂತೆ ಲೇಖಕ ತೀರಿಕೊಂಡ 60 ವರ್ಷಗಳ ಮೇಲೆ ಕೃತಿ ಎಲ್ಲರದು, ವರ್ನ್ ತೀರಿಕೊಂಡದ್ದು 1905ರಲ್ಲಿ, ಡಾಯ್ಲ್ 1930ರಲ್ಲಿ, ವೆಲ್ಸ್ 1946ರಲ್ಲಿ. ಶೇಕ್ಸ್‌ಪಿಯರ್‌ನನ್ನೂ ಬ್ರೆಖ್ಟ್‌ನನ್ನೂ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕನ್ನಡದಲ್ಲಿ ಮಾತನಾಡಿಸಿದ ಜಿಲ್ಲೆಯಿದು. ಅನುವಾದವನ್ನು ಓದಿ, ತಿದ್ದಿ, ಚರ್ಚಿಸಬಲ್ಲವರು ಇಲ್ಲಿ ಸಿಗುತ್ತಾರೆ. ಅನುವಾದಕರಿಗೆ ಯೋಗ್ಯ ಸಂಭಾವನೆ ಕೊಡಬೇಕು, ಅದಕ್ಕೆ ಕುವೆಂಪು ಭಾಷಾಭಾರತಿ ಪ್ರಾಧಿಕಾರದ ನೆರವನ್ನೂ ಕೇಳಬಹುದು. ಧಾರಾವಾಹಿ ಮುಗಿದ ಮೇಲೆ ಪುಸ್ತಕವಾಗಿ ಬಂದರೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅದನ್ನು ಕೊಳ್ಳಲಿ.

ಕಾದಂಬರಿಯಲ್ಲಿ 62 ಅಧ್ಯಾಯಗಳಿವೆ, ವಾರಕ್ಕೊಂದರಂತೆ ಹಾಕಿದರೂ ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಮೊದಲ ಕಂತಿನಲ್ಲೇ ಐದು ಜನರೂ ಒಂದು ನಾಯಿಯೂ ಬಿರುಗಾಳಿಗೆ ಸಿಕ್ಕ ಬಲೂನಿನಲ್ಲಿ ಸಮುದ್ರದ ಮೇಲೆ ಇಳಿಯುತ್ತಿರುತ್ತಾರೆ, ಭಾರ ಇಳಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆ ಎಸೆಯುತ್ತಿರುತ್ತಾರೆ. ಎರಡನೆಯ ವಾರ ಓದುಗರು ಬಾರದಿದ್ದರೆ ನಿಲ್ಲಿಸಿಬಿಡಿ.

ತಮ್ಮ ವಿಶ್ವಾಸಿ,
ಒಬ್ಬ ಓದುಗ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ